ಹೊಲದಲ್ಲಿ ಸಿಕ್ಕ ಹಳೆಯ ನಾಣ್ಯ



ತಮ್ಮಲ್ಲಿ ಹೆಚ್ಚಿನವರು ಪಟ್ಟಣವಾಸಿಗಳು. ಆದರೆ ಪಟ್ಟಣದಲ್ಲಿ ಮನೆ ಮಾಡಿದ ಮಾತ್ರಕ್ಕೆ ಹೊಲದ ಋಣ ಹರಿಯುವುದಿಲ್ಲ. ಒಬ್ಬರ ಹೊಲ ಅಣ್ಣನ ಸಾಗುವಳಿಯಲ್ಲಿದೆ, ಇನ್ನೊಬ್ಬರದು ಪಾಲಿಗೆ ಕೊಟ್ಟದ್ದು, ಮತ್ತೊಬ್ಬರದು ಮಾರಿಹೋದರೂ ಮನಸ್ಸಿನಿಂದ ಹೋಗಿಲ್ಲ. ಆದುದರಿಂದ ಹೊಲದ ಮಣ್ಣಿನೊಳಗೆ ಸಿಗುವ ಹಳೆಯ ನಾಣ್ಯ, ಬಳೆಚೂರು, ಮಣಿ, ಮೂರ್ತಿಗಳ ಮಾತು ತಮಗೆ ಸಂಬಂಧಿಸಿದ್ದಲ್ಲವೆಂದು ಯಾರೂ ತಿಳಿಯಬಾರದು. ಹಾಗೆ ಸಿಕ್ಕ ವಸ್ತು ಕೊನೆಗೆ ಬಂದು ಸೇರುವುದು ಪಟ್ಟಣಕ್ಕೇ. ಅಕ್ಕಸಾಲಿಗರ ಅಂಗಡಿಗೆ ಬರುತ್ತದೆ, ಸಂಗ್ರಾಹಕರ ಕಪಾಟಿಗೆ ಬರುತ್ತದೆ, ಲಕ್ಷ್ಮೀಪೂಜೆಯ ತಟ್ಟೆಗೂ ಬರುತ್ತದೆ.

ಹಿಂದಿನ ಕಾಲದಲ್ಲಿ ನಿಧಿ ಹುಡುಕುವವರು ಅಂಜನ ಹಾಕಿ ನೋಡುತ್ತಿದ್ದರು. ವೀಳ್ಯದೆಲೆಗೆ ಕಪ್ಪು ಸವರಿ, ಅದರಲ್ಲಿ ಹುಡುಗನೊಬ್ಬನ ಕಣ್ಣು ನೆಡಿಸಿ, ‘ಏನು ಕಾಣುತ್ತದೆ?’ ಎಂದು ಕೇಳುತ್ತಿದ್ದರು. ಕಾಣುವುದು ಅವನ ಮುಖವೇ ಆಗಿದ್ದರೂ ಹುಡುಗ ಹೆದರಿ ಕೊಪ್ಪರಿಗೆ ಕಂಡಿತೆನ್ನುತ್ತಿದ್ದ. ಈಗ ಅಂಜನದ ಸ್ಥಾನಕ್ಕೆ ಯಂತ್ರ ಬಂದಿದೆ. ಲೋಹಶೋಧಕವೆಂದು ಪಂಡಿತರ ಮಾತಿನಲ್ಲಿ ಹೇಳಬಹುದು. ಜನ ಕರೆಯುವುದು ಮೆಟಲ್ ಡಿಟೆಕ್ಟರ್ ಎಂದು. ಅಂಜನಕ್ಕಿಂತ ಇದು ಸತ್ಯವಂತ. ಆದರೆ ಸತ್ಯ ಹೇಳುವ ಯಂತ್ರ ಕೈಗೆ ಬಂದೊಡನೆ ಮನುಷ್ಯ ಸತ್ಯವಂತನಾಗುವುದಿಲ್ಲ. ಅದನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮೊದಲು ನನ್ನ ಮನೆಯ ತಪ್ಪಿನಿಂದಲೇ ಆರಂಭಿಸುವುದು ನ್ಯಾಯ.

ನಮ್ಮ ಹೊಲವಿರುವುದು ಸಿಂದಗಿ ಸೀಮೆಯ ಆಲಮೇಲದ ಕಡೆ, ಭೀಮಾನದಿಯ ದಿಕ್ಕಿಗೆ. ಅಪ್ಪಟ ಎರೆಭೂಮಿ. ನನಗೆ ಹತ್ತು ವರ್ಷವಾಗಿದ್ದಾಗ ಒಂದು ಬೇಸಗೆಯಲ್ಲಿ ತಂದೆಯವರು ರಂಟೆ ಹೊಡೆಯುತ್ತಿದ್ದರು. ಬದುವಿನ ಹತ್ತಿರ ರಂಟೆಗೆ ಏನೋ ಅಡ್ಡ ಬಂತು. ತೆಗೆದು ನೋಡಿದರೆ ಬಾಯಿ ಒಡೆದ ಮಣ್ಣಿನ ಕುಡಿಕೆ. ಒಳಗೆ ಹಸಿರು ಕಿಲುಬು ಹಿಡಿದು ಒಂದಕ್ಕೊಂದು ಅಂಟಿಕೊಂಡ ತಾಮ್ರದ ದುಡ್ಡುಗಳು, ಎರಡು ಬೊಗಸೆಯಷ್ಟು. ಬಂಗಾರವಲ್ಲವೆಂದು ತಿಳಿದಾಗ ಮನೆಯಲ್ಲಿ ಸ್ವಲ್ಪ ನಿರಾಶೆಯೇ ಆಯಿತು. ನಾಲ್ಕು ದಿನ ಕುಡಿಕೆ ಅಡಿಗೆಮನೆಯ ಮೂಲೆಯಲ್ಲಿತ್ತು. ಐದನೆಯ ದಿನ ಸಂತೆ. ಪಾತ್ರೆ ಮಾರುವ ಬೋಗಾರನೊಬ್ಬನಿಗೆ ಅವನ್ನು ತೂಕಕ್ಕೆ ಹಾಕಿ, ಬದಲಾಗಿ ಒಂದು ತಾಮ್ರದ ತಂಬಿಗೆ ತಂದರು. ಆ ತಂಬಿಗೆ ಇಂದಿಗೂ ನಮ್ಮ ಮನೆಯಲ್ಲಿದೆ. ನಾನು ಅದರಲ್ಲಿಯೇ ನೀರು ಕುಡಿದು ಬೆಳೆದೆ.

ಅಜ್ಜಿ ಮಾತ್ರ ಒಂದು ದುಡ್ಡನ್ನು ತನ್ನ ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಿದ್ದಳು. ಅವಳ ತರುವಾಯ ಅದು ನನ್ನ ಪಾಲಿಗೆ ಬಂತು. ಪಂಡಿತ ಪರೀಕ್ಷೆ ಮುಗಿಸಿ ಮಾಸ್ತರನಾದ ಮೇಲೆ ಅದನ್ನೊಮ್ಮೆ ತೆಗೆದು ನೋಡಿದೆ. ಹಳಗನ್ನಡ ಓದಬಲ್ಲೆನೆಂಬ ನನ್ನ ಹೆಮ್ಮೆ ಅಲ್ಲಿ ಕೆಲಸಕ್ಕೆ ಬರಲಿಲ್ಲ, ಅಕ್ಷರಗಳು ಪಾರಸಿಯವು. ನಮ್ಮ ಶಾಲೆಯ ಉರ್ದು ಮಾಸ್ತರರ ಬಳಿಗೆ ಒಯ್ದೆ. ಅವರು ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ, ‘ಒಂದು ಬದಿ ಗುಲಾಮ್ ಮುರ್ತಜಾ ಅಲಿ ಅಂತದ. ಇನ್ನೊಂದು ಬದಿ ಇಬ್ರಾಹಿಂ ಅಂತ ಸ್ಪಷ್ಟ ಅದ. ಅದರ ಮುಂದ ಅಬಲಾ ಬಲಿ ಅಂತ ಕಾಣತದ. ಇದು ಪಾರಸೀ ಮಾತಲ್ಲರೀ, ನಮ್ಮ ಕೋಶದಾಗಿಲ್ಲ’ ಎಂದರು. ಅವರ ಕೋಶದಲ್ಲಿಲ್ಲದ ಮಾತು ನನ್ನ ಕೋಶದಲ್ಲಿತ್ತು. ಅಬಲ ಎಂದರೆ ಬಲವಿಲ್ಲದವನು, ಬಲಿ ಎಂದರೆ ಬಲಶಾಲಿ. ದುರ್ಬಲರಿಗೆ ಬಲವಾದವನು ಎಂದು ಈ ಬಿರುದಿಗೆ ಅರ್ಥ ಹೇಳುವುದುಂಟು. ಅದು ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ನಾಣ್ಯ. 1580ರಿಂದ 1627ರವರೆಗೆ ಆಳಿದವನು, ‘ಕಿತಾಬ್-ಎ-ನವರಸ್’ ರಚಿಸಿದವನು, ಜನರಿಂದ ಜಗದ್ಗುರು ಎನ್ನಿಸಿಕೊಂಡವನು. ಪಾರಸಿ ಲಿಪಿಯಲ್ಲಿ ಸಂಸ್ಕೃತದ ಬಿರುದು! ಉರ್ದು ಮಾಸ್ತರರೂ ಕನ್ನಡ ಮಾಸ್ತರನೂ ಕೂಡಿ ಓದಿದಾಗಲೇ ಅದು ಬಾಯಿಬಿಟ್ಟಿತು.

ಅಂದು ನನಗಾದ ಸಂತೋಷ ಅರ್ಧ ಗಳಿಗೆಯದು. ಆಮೇಲೆ ಬಂದದ್ದು ವ್ಯಥೆ. ಏಕೆಂದರೆ ಕುಡಿಕೆಯಲ್ಲಿ ಹುಗಿದಿಟ್ಟ ನಾಣ್ಯಗಳಿಗೆ ಒಂದು ಲೆಕ್ಕವುಂಟು. ಅವುಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಅದಕ್ಕಿಂತ ಮೊದಲು ಆ ಕುಡಿಕೆಯನ್ನು ಹುಗಿದಿರಲಾರರು. ನಮ್ಮ ಕುಡಿಕೆಯ ಕೊನೆಯ ನಾಣ್ಯ ಇಬ್ರಾಹಿಮನದೇ ಆಗಿದ್ದರೆ ಒಂದು ಕಥೆ. ಅವನ ಮಗ, ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ ಆದಿಲಶಾಹನದಾಗಿದ್ದರೆ ಇನ್ನೊಂದು ಕಥೆ. ಕೊನೆಯ ಅರಸ ಸಿಕಂದರನದಾಗಿದ್ದರೆ, 1686ರಲ್ಲಿ ಔರಂಗಜೇಬನ ದಂಡು ವಿಜಾಪುರವನ್ನು ಹಿಡಿದ ಗಲಾಟೆಯಲ್ಲಿ ಯಾವನೋ ಒಕ್ಕಲಿಗ ತನ್ನ ಕೂಡಿಟ್ಟ ದುಡ್ಡನ್ನು ಬದುವಿನಲ್ಲಿ ಹುಗಿದು ಓಡಿಹೋದನೆಂದು ಊಹಿಸಬಹುದಾಗಿತ್ತು. ಅವನು ತಿರುಗಿ ಬರಲಿಲ್ಲವೆಂಬುದು ಮಾತ್ರ ನಿಶ್ಚಯ. ಬಂದಿದ್ದರೆ ಕುಡಿಕೆ ನಮಗಾಗಿ ಉಳಿಯುತ್ತಿರಲಿಲ್ಲ. ಅವನು ಯಾವಾಗ, ಯಾರಿಗೆ ಹೆದರಿ ಓಡಿದನೆಂಬ ಸಂಗತಿ ಎರಡು ಬೊಗಸೆ ತಾಮ್ರದಲ್ಲಿ ಬರೆದಿತ್ತು. ಅದನ್ನು ನಾವು ತಂಬಿಗೆ ಮಾಡಿಕೊಂಡೆವು.

ಇಂತಹ ಬರಹ ನಮ್ಮ ಸೀಮೆಯ ಮಣ್ಣಿನಲ್ಲಿ ಎಷ್ಟಿದೆಯೆಂಬುದನ್ನು ನೆನೆಯಿರಿ. ಆಲಮೇಲದಿಂದ ಭೀಮೆಯ ಹರಿವಿನ ಗುಂಟ ಕೆಳಗೆ ಹೋದರೆ ಕಲಬುರ್ಗಿ ಜಿಲ್ಲೆಯ ಫಿರೋಜಾಬಾದ ಸಿಗುತ್ತದೆ. ಬಹಮನಿ ಫಿರೋಜಶಾಹನು ಕಟ್ಟಿಸಿದ ಊರು ಅದು. ಇನ್ನೂ ಕೆಳಗೆ ಸನ್ನತಿ. ಅಲ್ಲಿ ಚಂದ್ರಲಾಂಬೆಯ ಆವರಣದ ಕಾಳಿಯ ಗುಡಿ 1986ರಲ್ಲಿ ಕುಸಿದಾಗ ಅಶೋಕನ ಶಾಸನ ಹೊರಬಿತ್ತು. ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಬೌದ್ಧಸ್ತೂಪವೂ ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಸಾತವಾಹನರ ಸೀಸದ ನಾಣ್ಯಗಳೂ ದೊರೆತವು. ಸೀಸಕ್ಕೆ ಸಂತೆಯಲ್ಲಿ ಏನು ಬೆಲೆ? ಆದರೆ ಅವು ಅಕ್ಕಸಾಲಿಗನ ಕೈಗೆ ಹೋಗದೆ ಅಗೆದವರ ದಫ್ತರಿಗೆ ಹೋದುದರಿಂದ ಭೀಮಾತೀರದ ಎರಡು ಸಾವಿರ ವರ್ಷದ ಹಿಂದಿನ ವ್ಯವಹಾರ ನಮಗೆ ಗೊತ್ತಾಯಿತು. ಇತ್ತ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ 945ರ ಶಾಸನವು ದೂರದೂರದಿಂದ ಬಂದ ವಿದ್ಯಾರ್ಥಿಗಳ ಶಾಲೆಯನ್ನು ಹೇಳುತ್ತದೆ. ತೆಂಕಣಕ್ಕೆ ಕೃಷ್ಣಾತೀರದ ರಕ್ಕಸಗಿ ತಂಗಡಗಿ. 1565ರ ಕಾಳಗದ ಹೆಸರಿನೊಡನೆ ಸೇರಿಹೋದ ಊರುಗಳು.

ನಾಣ್ಯಗಳು ಮಣ್ಣಿನಲ್ಲಿ ಮಾತ್ರ ಹುಗಿದಿಲ್ಲ, ನಮ್ಮ ಮಾತಿನಲ್ಲಿಯೂ ಹುಗಿದಿವೆ. ಚಾಲುಕ್ಯರ ಶಾಸನಗಳಲ್ಲಿ ಬರುವ ಗದ್ಯಾಣ, ಪಣ, ಹಾಗ, ಬೇಳೆ, ವೀಸಗಳನ್ನು ನೋಡಿರಿ. ಪಣದ ಕಾಲುಭಾಗ ಹಾಗ, ಹದಿನಾರನೆಯ ಭಾಗ ವೀಸ. ಲೊಕ್ಕಿಗುಂಡಿ, ಎಂದರೆ ಇಂದಿನ ಲಕ್ಕುಂಡಿಯ ಟಂಕಸಾಲೆಯಲ್ಲಿ ಅಚ್ಚಾದದ್ದು ಲೊಕ್ಕಿಗದ್ಯಾಣ. ಪಣವೇ ಹಣವಾಗಿ ಇಂದಿಗೂ ನಮ್ಮ ಕಿಸೆಯಲ್ಲಿದೆ. ‘ಬಿಡಿಗಾಸೂ ಇಲ್ಲ’ ಎನ್ನುವಾಗ ಕಾಸನ್ನು ಎಣಿಸುತ್ತೇವೆ. ಭೀಮೆಯ ಆಚೆಯ ದಡ 1948ರವರೆಗೆ ನಿಜಾಮರ ರಾಜ್ಯವಾಗಿತ್ತು. ಆದುದರಿಂದ ಚಾರಮಿನಾರಿನ ಚಿತ್ರವುಳ್ಳ ಹಾಲಿಸಿಕ್ಕ ಈಚೆಯ ಮುದುಕರಿಗೂ ಪರಿಚಿತವಾಗಿತ್ತು. ಒಂದೊಂದು ಆಳ್ವಿಕೆಯೂ ಹೋಗುವಾಗ ತನ್ನ ಚಿಲ್ಲರೆಯನ್ನು ಹೊಲದಲ್ಲಿ ಬಿಟ್ಟು ಹೋಗಿದೆ.

ಈಗ ಯಂತ್ರದ ವಿಷಯ. 1881ರಲ್ಲಿ ಅಮೇರಿಕದ ಅಧ್ಯಕ್ಷ ಗಾರ್ಫೀಲ್ಡನ ಮೈಯಲ್ಲಿ ಹೊಕ್ಕ ಗುಂಡನ್ನು ಹುಡುಕಲು ದೂರವಾಣಿಯ ಗ್ರಹಾಂ ಬೆಲ್ ಇಂತಹದೊಂದು ಉಪಕರಣ ಮಾಡಿದ್ದ. ಹಾಸಿಗೆಯ ಲೋಹದ ಸುರುಳಿಗಳು ಅದನ್ನು ದಾರಿ ತಪ್ಪಿಸಿದವಂತೆ. ಎರಡನೆಯ ಮಹಾಯುದ್ಧದಲ್ಲಿ ನೆಲದಲ್ಲಿ ಹುಗಿದ ಸಿಡಿಮದ್ದನ್ನು ಪತ್ತೆಮಾಡಲು ಅದು ಸುಧಾರಿಸಿತು. ಆಮೇಲೆ ಸಾಮಾನ್ಯರ ಕೈಗೂ ಬಂತು. ಅದರ ತತ್ತ್ವ ಸರಳ. ಕೋಲಿನ ತುದಿಯ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದಾಡಿ ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿಯೂ ಸಣ್ಣ ಸುಳಿವಿದ್ಯುತ್ತು ಹುಟ್ಟಿ ಮರುದನಿ ಕೊಡುತ್ತದೆ, ಕಿವಿಯಲ್ಲಿ ಕೀ ಎನ್ನುತ್ತದೆ. ಒಂದು ನಾಣ್ಯವನ್ನು ಅದು ಗೇಣುದ್ದದ ಆಳದ ಸುತ್ತಮುತ್ತಲಿನಲ್ಲಿ ಮಾತ್ರ ಗುರುತಿಸಬಲ್ಲದು. ಆಳುದ್ದದಲ್ಲಿರುವ ಒಂಟಿ ನಾಣ್ಯ ತೋರಿಸುವೆನೆಂದು ಹೇಳಿ ಯಾರಾದರೂ ಯಂತ್ರ ಮಾರಿದರೆ, ಅದು ಅಂಜನದ ತಮ್ಮನೆಂದೇ ತಿಳಿಯಿರಿ. ಎತ್ತಿನ ಲಾಳ, ಪಂಪಿನ ಬೋಲ್ಟು, ಗುಟಕಾ ಚೀಟಿಯ ತಗಡು, ಎಲ್ಲದಕ್ಕೂ ಅದು ಕೂಗುತ್ತದೆ. ಲೋಹವಿದೆಯೆಂದು ಹೇಳುತ್ತದೆ, ಯಾವ ಕಾಲದ್ದು, ಯಾರು ಇಟ್ಟದ್ದು ಎಂಬುದನ್ನು ಹೇಳದು.

ಅದನ್ನು ಹೇಳಬೇಕಾದುದು ನೆಲ. ನಮ್ಮ ಎರೆಭೂಮಿ ತನ್ನನ್ನು ತಾನೇ ಉತ್ತುಕೊಳ್ಳುವಂಥದು. ಬೇಸಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ. ಮೇಲಿನ ವಸ್ತು ಬಿರುಕಿನೊಳಗೆ ಬೀಳುತ್ತದೆ. ಮಳೆಗೆ ಉಬ್ಬಿ ಕೆಳಗಿನದನ್ನು ಮೇಲಕ್ಕೆ ನೂಕುತ್ತದೆ. ಆದುದರಿಂದ ಇಲ್ಲಿ ಆಳವನ್ನೇ ನಂಬಿ ಕಾಲ ಹೇಳಲಾಗದು. ಉಳಿಯುವ ಸಾಕ್ಷಿ ಎಂದರೆ ಯಾವ ಜಾಗ, ಜೊತೆಗೆ ಏನಿತ್ತು ಎಂಬುದು. ಬೂದಿಮಣ್ಣು, ಮಡಕೆಚೂರು, ಇಟ್ಟಿಗೆಯ ಸಾಲು ಇವೆಲ್ಲ ಯಂತ್ರಕ್ಕೆ ಕೇಳಿಸುವುದಿಲ್ಲ. ಯಂತ್ರದ ಕೂಗಿಗೆ ಓಡಿ ಗುದ್ದಲಿ ಹಾಕಿದವನು ನಾಣ್ಯವನ್ನು ಪಡೆದು, ಅದರ ಜಾತಕವನ್ನು ಹರಿದು ಹಾಕುತ್ತಾನೆ.

ಕಳೆದ ವರ್ಷದ ಸಂಗತಿ ಹೇಳುತ್ತೇನೆ. ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹೆಸರು ಬೇಡ. ವಚನಗಳನ್ನು ಬಾಯಿಪಾಠ ಒಪ್ಪಿಸುವುದರಲ್ಲಿ ತರಗತಿಗೆ ಮೊದಲಿಗನಾಗಿದ್ದವನು. ಕಿಸೆಯಿಂದ ಒಂದು ಕಾಗದದ ಪುಡಿಕೆ ತೆಗೆದು, ‘ಸರ, ಇದರ ಮ್ಯಾಲ ಏನ್ ಬರದದ ನೋಡ್ರಿ’ ಎಂದ. ಬಟ್ಟಲಿನಂತೆ ಬಾಗಿದ ಒಂದು ಹೊನ್ನಿನ ನಾಣ್ಯ. ನಡುವೆ ಪದ್ಮ, ಸುತ್ತ ಬಿಡಿಬಿಡಿ ಮುದ್ರೆಗಳು. ಪದ್ಮಟಂಕವೆನ್ನುವುದು ಇದನ್ನೇ. ಒಂದು ಮುದ್ರೆಯಲ್ಲಿ ಅಕ್ಷರವಿದ್ದಂತಿತ್ತು. ನನ್ನ ಕೈ ನಡುಗಿತು. ‘ಎಲ್ಲಿ ಸಿಕ್ಕಿತು?’ ಎಂದೆ. ಅವನು ಮಾತಾಡಲಿಲ್ಲ. ಯಂತ್ರ ತಂದಿರುವುದಾಗಿ, ಇಬ್ಬರು ಮೂವರು ಸೇರಿ ರಾತ್ರಿ ಹೋಗುವುದಾಗಿ ಆಮೇಲೆ ಒಪ್ಪಿಕೊಂಡ. ಹೆಸರು ಓದಿ ಕೊಟ್ಟರೆ ಪಟ್ಟಣದ ಗಿರಾಕಿ ಎರಡು ಪಟ್ಟು ಕೊಡುತ್ತಾನೆಂದ. ತೊಗರಿ ಎರಡು ವರ್ಷ ಕೈಕೊಟ್ಟದ್ದು, ತಂಗಿಯ ಮದುವೆಯ ಸಾಲ, ಇವನ್ನೂ ಹೇಳಿದ. ಅವು ಸುಳ್ಳಲ್ಲವೆಂದು ನನಗೆ ಗೊತ್ತು.

ಓದುಗರೇ, ಅಕ್ಷರ ಓದುವುದು ನನ್ನ ಕಸುಬು. ಓದಬೇಕೆಂಬ ಆಸೆ ಹಸಿದವನಿಗೆ ಅನ್ನ ಕಂಡಂತೆ ಎದ್ದಿತ್ತು. ಆದರೆ ಓದಿ ಹೇಳಿದರೆ ಅವನ ಮುಂದಿನ ರಾತ್ರಿಯ ಅಗೆತದಲ್ಲಿ ನಾನೂ ಗುದ್ದಲಿ ಹಿಡಿದಂತೆ. ನಾಣ್ಯವನ್ನು ತಿರುಗಿ ಪುಡಿಕೆಯಲ್ಲಿಟ್ಟು, ‘ಸಿಕ್ಕ ಜಾಗ ಮೊದಲು ಹೇಳು, ನಾಳೆ ಇಬ್ಬರೂ ಕೂಡಿ ತಹಸೀಲದಾರರ ಕಚೇರಿಗೆ ಹೋಗೋಣ, ಅಲ್ಲಿ ಕುಳಿತು ಓದುತ್ತೇನೆ’ ಎಂದೆ. ‘ನಿಮ್ಮ ಮನ್ಯಾಗಿನ ತಂಬಿಗಿ ಕಥಿ ನೀವ ಸಾಲ್ಯಾಗ ಹೇಳಿದ್ರಿ ಸರ. ನೀವು ಯಾವ ಕಚೇರಿಗೆ ಹೋಗಿದ್ರಿ?’ ಎಂದು ಕೇಳಿ ಎದ್ದುಹೋದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಶಾಸ್ತ್ರ ಏನು ಹೇಳುತ್ತದೆಂದು ಅಂದು ರಾತ್ರಿ ತಿರುವಿ ಹಾಕಿದೆ. ನಮ್ಮ ದತ್ತಿಶಾಸನಗಳಲ್ಲಿ ಭೂಮಿಯೊಡನೆ ಕೊಡುವ ಅಷ್ಟಭೋಗಗಳಲ್ಲಿ ನಿಧಿ, ನಿಕ್ಷೇಪಗಳೇ ಮೊದಲನೆಯವು. ಎಂದರೆ ಹೊಲದ ಮೇಲಿನ ಹಕ್ಕು ಬೇರೆ, ಒಳಗಿನ ನಿಧಿಯ ಹಕ್ಕು ಬೇರೆ ಎಂಬ ಎಚ್ಚರ ಆಗಲೇ ಇತ್ತು. ಕೌಟಿಲ್ಯನು ನಿಧಿಯನ್ನು ತಿಳಿಸಿದವನಿಗೆ ಆರನೆಯ ಒಂದು ಪಾಲು ಹೇಳುತ್ತಾನೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಂತೂ, ನಿಧಿ ಸಿಕ್ಕಿದ್ದನ್ನು ತಿಳಿಸದೆ ಇಟ್ಟುಕೊಂಡು ಸಿಕ್ಕಿಬಿದ್ದವನು ನಿಧಿಯನ್ನೂ ಒಪ್ಪಿಸಬೇಕು, ದಂಡವನ್ನೂ ತೆರಬೇಕು ಎಂದಿದೆ. ಬ್ರಿಟಿಷರ 1878ರ ನಿಧಿ ಕಾಯಿದೆಯೂ ಅದೇ ದಾರಿಯದು: ಸಿಕ್ಕವನು ಏನು, ಎಲ್ಲಿ, ಯಾವ ದಿನ ಸಿಕ್ಕಿತೆಂದು ಕಲೆಕ್ಟರರಿಗೆ ಬರೆದು ತಿಳಿಸಬೇಕು, ವಾರಸುದಾರರಿಲ್ಲವೆಂದು ನಿರ್ಣಯವಾದರೆ ಮುಕ್ಕಾಲು ಪಾಲು ಸಿಕ್ಕವನಿಗೆ, ಕಾಲು ಪಾಲು ನೆಲದ ಒಡೆಯನಿಗೆ, ಮುಚ್ಚಿಟ್ಟರೆ ಸೆರೆ ಅಥವಾ ದಂಡ. ನಮ್ಮ ರಾಜ್ಯಕ್ಕೆ 1962ರದೇ ಆದ ನಿಧಿ ಕಾಯಿದೆಯಿದೆ. ಅದರ ಪಾಲಿನ ಲೆಕ್ಕವನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯತಕ್ಕದ್ದು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಮೂರ್ತಿಯೂ ಪುರಾವಸ್ತು. ಅವನ್ನು ಖಾಸಗಿಯವರು ಪರದೇಶಕ್ಕೆ ಕಳಿಸುವಂತಿಲ್ಲ, ಲೈಸೆನ್ಸಿಲ್ಲದೆ ಪುರಾವಸ್ತುಗಳ ವ್ಯಾಪಾರ ನಡೆಸುವಂತಿಲ್ಲ. ರಕ್ಷಿತ ಸ್ಮಾರಕಗಳ ಎಲ್ಲೆಯೊಳಗೆ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ.

‘ಸರಕಾರಕ್ಕೆ ಕೊಟ್ಟರೆ ನಮಗೇನು?’ ಎಂದು ಕೇಳುವವರಿದ್ದಾರೆ. ಎರಡು ನಿದರ್ಶನ ಕೊಡುತ್ತೇನೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಕೆಲಸಕ್ಕೆ ಅಗೆಯುವಾಗ 163 ಬೆಳ್ಳಿಯ ರೋಮನ್ ನಾಣ್ಯಗಳು ಸಿಕ್ಕವು. ಎಣಿಸಿ ಬರೆದಿಟ್ಟದ್ದರಿಂದ ಅವು ಅಗಸ್ಟಸ್, ಟೈಬೀರಿಯಸ್ ಮೊದಲಾದವರ ಕಾಲದವೆಂದು ಇಂದಿನ ಶಾಲೆಯ ಮಗುವೂ ಓದಬಹುದಾಗಿದೆ. ಇನ್ನೊಂದು ಇಂಗ್ಲೆಂಡಿನದು. 1992ರಲ್ಲಿ ಹಾಕ್ಸನ್ ಎಂಬ ಹಳ್ಳಿಯ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಹುಡುಕಿಕೊಡಲು ಅವನ ಗೆಳೆಯ ಯಂತ್ರ ಹಿಡಿದು ಬಂದ. ಸಿಕ್ಕದ್ದು ರೋಮನ್ ನಿಧಿ, ಸುಮಾರು 15,000 ನಾಣ್ಯ. ಅವನು ಪೂರ್ತಿ ಅಗೆಯದೆ ನಿಲ್ಲಿಸಿ ಸುದ್ದಿ ಮುಟ್ಟಿಸಿದ. ಪುರಾತತ್ತ್ವಜ್ಞರು ಬಂದು ಪೆಟ್ಟಿಗೆಯೊಳಗೆ ಯಾವುದು ಎಲ್ಲಿತ್ತೋ ಹಾಗೆಯೇ ಗುರುತಿಸಿ ತೆಗೆದರು. ಅವನಿಗೆ ದೊಡ್ಡ ಬಹುಮಾನವೇ ಬಂತು. ಕಳೆದುಹೋಗಿದ್ದ ಸುತ್ತಿಗೆಯೂ ಸಿಕ್ಕಿ, ಇಂದು ನಿಧಿಯ ಜೊತೆಗೆ ಬ್ರಿಟಿಷ್ ಮ್ಯೂಜಿಯಮ್ಮನ್ನು ಸೇರಿದೆ. ಯಂತ್ರ ಅಲ್ಲಿಯೂ ಅದೇ, ಇಲ್ಲಿಯೂ ಅದೇ. ಭೇದವಿರುವುದು ಗುದ್ದಲಿ ನಿಲ್ಲಿಸಿದ ಕೈಯಲ್ಲಿ.

ನಮ್ಮಲ್ಲಿಯೂ ಅಂತಹ ಕೈಗಳಿದ್ದವು. ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಯ ಅಟ್ಟದಲ್ಲಿ ಹುಳು ತಿನ್ನುತ್ತಿದ್ದ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತವರ ಬಾಯಿಂದ ‘ಗರತಿಯ ಹಾಡು’ ಬರೆದುಕೊಂಡರು. ಅವರಿಗೆ ಸಿಕ್ಕದ್ದೂ ನಿಧಿಯೇ. ಅವರು ಕರಗಿಸಲಿಲ್ಲ, ಮಾರಲಿಲ್ಲ. ಎಲ್ಲರಿಗೂ ಸೇರಿದ್ದೆಂದು ಹಂಚಿದರು. ಬಸವಣ್ಣನವರ ಬಗ್ಗೆ ಒಂದು ಐತಿಹ್ಯವುಂಟು: ಬಿಜ್ಜಳನ ಆಸ್ಥಾನದಲ್ಲಿ ಯಾರಿಗೂ ಬಾರದ ಲಿಪಿಯೊಂದನ್ನು ಓದಿ, ಹುಗಿದಿದ್ದ ನಿಧಿಯ ಜಾಗವನ್ನು ಅರಸನ ಎದುರಿನಲ್ಲಿಯೇ ತಿಳಿಸಿದರಂತೆ. ಲಿಪಿ ಬಲ್ಲವನು ಸಭೆಯ ಎದುರಿಗೆ ಓದಬೇಕು, ಕತ್ತಲೆಯಲ್ಲಲ್ಲ ಎಂಬುದೇ ನನಗೆ ಆ ಕಥೆಯಿಂದ ಕಾಣುವ ಪಾಠ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಹೊಲದಲ್ಲಿ ಹಳೆಯ ವಸ್ತು ಕಂಡಾಗ ಅಲ್ಲಿಗೇ ಅಗೆತ ನಿಲ್ಲಿಸಿರಿ. ಜಾಗಕ್ಕೆ ಒಂದು ಗೂಟ ನೆಡಿರಿ; ಸರ್ವೇ ನಂಬರು, ದಿನ, ಜೊತೆಗೆ ಕಂಡ ಮಡಕೆಚೂರು ಎಲ್ಲವನ್ನೂ ಬರೆದಿಡಿರಿ; ಕೈಯಲ್ಲಿರುವ ಫೋನಿನಿಂದ ಚಿತ್ರ ತೆಗೆಯಿರಿ. ನಾಣ್ಯವನ್ನು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿರಿ. ಕಿಲುಬಿನೊಡನೆ ಅಕ್ಷರವೂ ಹೋಗುತ್ತದೆ. ಅಂಟಿಕೊಂಡವನ್ನು ಬಿಡಿಸಬೇಡಿರಿ. ತಹಸೀಲದಾರರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸಿ ರಸೀದಿ ಪಡೆಯಿರಿ. ಪಟ್ಟಣದ ಗಿರಾಕಿಗಳಲ್ಲಿಯೂ ಒಂದು ಮಾತು: ಜಾಗ ಹೇಳಲೊಲ್ಲದವನಿಂದ ನಾಣ್ಯ ಕೊಳ್ಳಬೇಡಿರಿ. ತಾವು ಕೊಳ್ಳುವುದನ್ನು ಬಿಟ್ಟ ದಿನ ರಾತ್ರಿಯ ಗುದ್ದಲಿಗಳು ತಾವಾಗಿ ಮೂಲೆ ಸೇರುತ್ತವೆ.

ಇನ್ನು ನನ್ನ ವಿಷಯ. ಹುಡುಗನ ಪ್ರಶ್ನೆ ಕೆಲವು ತಿಂಗಳು ನನ್ನನ್ನು ಕಾಡಿತು. ಕೊನೆಗೆ ಒಂದು ಸೋಮವಾರ ಅಜ್ಜಿಯ ನಾಣ್ಯವನ್ನು ಅರಿವೆಯಲ್ಲಿ ಸುತ್ತಿ, ಕುಡಿಕೆ ಸಿಕ್ಕ ಬದುವಿನ ನಕ್ಷೆ ಬರೆದು, ನಾಲ್ಕು ದಶಕ ತಡವಾಗಿ ಬಂದುದಕ್ಕೆ ಕ್ಷಮೆ ಕೇಳಿ, ಅರ್ಜಿಯೊಡನೆ ಕಚೇರಿಗೆ ಒಪ್ಪಿಸಿದೆ. ತೆಗೆದುಕೊಂಡ ಗುಮಾಸ್ತರು ‘ಒಂದ ನಾಣ್ಯಕ್ಕ ಇಷ್ಟ ಯಾಕ್ರೀ ಮಾಸ್ತರ?’ ಎಂದು ನಕ್ಕರು. ರಸೀದಿ ಕೊಟ್ಟರು. ಅದರ ಒಂದು ಪ್ರತಿಯನ್ನು ಆ ಹುಡುಗನ ಮನೆಗೆ ಕಳಿಸಿದೆ, ಜೊತೆಗೆ ಬೇರೆ ಏನೂ ಬರೆಯಲಿಲ್ಲ. ಅವನು ಇನ್ನೂ ಬಂದಿಲ್ಲ. ಬಂದರೆ ಕಚೇರಿಗೆ ಹೋಗುವ ದಾರಿ ಈಗ ನನಗೆ ಗೊತ್ತಿದೆ.

ತಂಬಿಗೆ ಮಾತ್ರ ಮನೆಯಲ್ಲಿಯೇ ಇದೆ. ಅದನ್ನು ಯಾರಿಗೆ ಒಪ್ಪಿಸಲಿ? ಅದರಲ್ಲಿ ಓದಲು ಏನೂ ಉಳಿದಿಲ್ಲ.